ಮೂರು ಗಂಟೆಯ ದಾರಿ

ನಮ್ಮ ಕಡೆ ಆಗ ದೂರವನ್ನು ಯಾರೂ ಮೈಲಿಯಲ್ಲಿ ಹೇಳುತ್ತಿರಲಿಲ್ಲ. ಕೂಗಳತೆ, ಒಂದು ಎಲೆಅಡಿಕೆ ಜಗಿದು ಉಗಿಯುವಷ್ಟು, ಗಾಡಿ ಕಟ್ಟಿದರೆ ಹೊತ್ತೇರುವಷ್ಟು, ಹೀಗೆ. ನಮ್ಮೂರಿನಿಂದ ಗಾವಡಗೆರೆಗೆ ಗಾಡಿಯಲ್ಲಿ ಮೂರು ಗಂಟೆ. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನನಗೆ ಗೊತ್ತಿದ್ದ ಲೆಕ್ಕ ಇದೇ.

ಐವತ್ತರ ದಶಕದ ಮೊದಲಲ್ಲಿ ನನ್ನ ತಮ್ಮ, ಮಿಲಿಟರಿಯಲ್ಲಿದ್ದ ಕೊಡಗಿನವರೊಬ್ಬರ ಜೊತೆ ಬೊಂಬಾಯಿಗೆ ಹೋಗಿ ವಿಮಾನ ಇಳಿಯುವ ಕಡೆ ಕೆಲಸಕ್ಕೆ ಸೇರಿದ. ಒಮ್ಮೆ ಗೌರಿ ಹಬ್ಬಕ್ಕೆ ಬಂದಾಗ, ಬೆಂಗಳೂರಿನಿಂದ ಬೊಂಬಾಯಿಗೆ ಐನೂರು ಮೈಲಿಯ ಮೇಲಾಗುತ್ತದೆ, ಆದರೂ ಅಲ್ಲಿ ಎದ್ದ ವಿಮಾನ ಮೂರು ಮೂರೂವರೆ ಗಂಟೆಯಲ್ಲಿ ಇಲ್ಲಿ ಬಂದು ಕೂರುತ್ತದೆ ಎಂದು ಹೇಳಿದ್ದ. ಐನೂರು ಮೈಲಿ ಅವ್ವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮೂರು ಗಂಟೆ ಇಬ್ಬರಿಗೂ ತಿಳಿಯಿತು.

"ಅಂಗಾರೆ ಗಾವಡಗೆರೆಯಷ್ಟೇ ದೂರ ಅನ್ನು. ಊಟಕ್ಕೆ ಬಂದು ಓಗ್ಬೋದಲ್ಲ ಮಗ," ಎಂದು ಅವ್ವ ನಕ್ಕಳು. ತಮ್ಮನೂ ನಕ್ಕ.

ಮಾರನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವ್ವನಿಗೆ ಜ್ವರ ಹಿಡಿಯಿತು. ಹುಣಸೂರಿನ ಡಾಕ್ಟರ ಔಷಧಿಗೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಚಿಕ್ಕವನಿಗೆ ಒಂದು ತಂತಿ ಕೊಟ್ಟು ಬಾ ಎಂದು ದೊಡ್ಡಪ್ಪ ಎರಡು ಸಲ ಹೇಳಿದರು. ಆಗ ನಮ್ಮ ರಾಗಿ ಮೆದೆ ಇನ್ನೂ ಒಕ್ಕಿರಲಿಲ್ಲ. ನಮ್ಮಲ್ಲಿ ಒಕ್ಕಣೆ ಮುಯ್ಯಾಳಿನ ಮೇಲೆ ನಡೆಯುತ್ತಿತ್ತು. ಇವತ್ತು ನಿಮ್ಮ ಕಣಕ್ಕೆ ನಾವು, ನಾಳೆ ನಮ್ಮ ಕಣಕ್ಕೆ ನೀವು. ಸರದಿ ತಪ್ಪಿಸಿಕೊಂಡವನು ಊರೆಲ್ಲ ಮುಗಿಯುವ ತನಕ ಕಾಯಬೇಕು. ತಮ್ಮ ಬಂದರೆ ನೆಂಟರು ಬರುತ್ತಾರೆ, ಮನೆ ತುಂಬುತ್ತದೆ, ಸರದಿ ಕೈ ಬಿಡುತ್ತದೆ ಎಂದುಕೊಂಡೆ.

ಅವ್ವ ಮಲಗಿದಲ್ಲಿಂದಲೇ ಕೇಳಿದಳು, "ಅವನು ಬತ್ತಾನಾ?"

"ಮೂರು ಗಂಟೆ ದಾರಿ ಕಣವ್ವ. ಕಣ ಮುಗೀಲಿ, ಕರೆಸ್ತೀನಿ."

ಅವಳು ಅದನ್ನು ನಂಬಿದಳು. ನಾನೂ ನಂಬಿದ್ದೆ ಎಂದು ಬಹಳ ಕಾಲ ಹೇಳಿಕೊಂಡಿದ್ದೇನೆ. ಅರ್ಧ ಮಾತ್ರ ನಿಜ. ಮೂರು ಗಂಟೆ ಎನ್ನುವುದು ನನಗೆ ಅನುಕೂಲವಾದ ಲೆಕ್ಕವಾಗಿತ್ತು.

ಒಕ್ಕಣೆ ಮುಗಿದ ಮಾರನೆಯ ಬೆಳಿಗ್ಗೆ ಅವ್ವನಿಗೆ ಮಾತು ನಿಂತಿತ್ತು. ಹುಣಸೂರಿಗೆ ಓಡಿ ತಂತಿ ಕೊಟ್ಟೆ. ಆ ದಿನವೆಲ್ಲ ಜನ ಬಸ್ಸು ನಿಲ್ಲುವ ಕಡೆಗೇ ನೋಡುತ್ತಿದ್ದರು. ರಾತ್ರಿ ಅವಳು ಹೋದಳು. ಇನ್ನೊಂದು ದಿನ ಕಾದು, ದೊಡ್ಡಪ್ಪನವರು ಇನ್ನು ಆಗದು ಎಂದ ಮೇಲೆ ಮಣ್ಣು ಮಾಡಿದೆವು.

ತಮ್ಮ ಬಂದದ್ದು ಅದರ ಮೂರನೆಯ ದಿನ. ರೈಲು ಬದಲಿಸಿ, ಬಸ್ಸು ಹಿಡಿದು, ಮುಖವೆಲ್ಲ ಮಸಿ. ನಾನು ಕೇಳಬಾರದ್ದನ್ನು ಕೇಳಿದೆ, "ವಿಮಾನದಲ್ಲಿ ಬರಬಾರ್ದಾಗಿತ್ತೇನ್ಲಾ?"

"ನಾನು ಅದರಿಂದ ಪೆಟ್ಟಿಗೆ ಇಳಿಸೋನು ಕಣಣ್ಣ. ಅದರಾಗೆ ಒಂದಿನಾನೂ ಕೂತಿಲ್ಲ," ಎಂದ.

ಅವ್ವ ಮಲಗುತ್ತಿದ್ದ ಜಾಗ ನೋಡಿ ಬಂದು ಜಗಲಿಯ ಮೇಲೆ ಕೂತ. ತಂತಿ ಯಾವಾಗ ಕೊಟ್ಟೆ, ಎಷ್ಟು ದಿನದಿಂದ ಜ್ವರ, ಯಾವುದನ್ನೂ ಕೇಳಲಿಲ್ಲ. ಎದುರಿಗೆ ಗುಡಿಸಿದ ಕಣವಿತ್ತು. ಪಕ್ಕದಲ್ಲಿ ಹೊಸ ಹುಲ್ಲಿನ ಮೆದೆ. ಅದನ್ನು ಸುಮಾರು ಹೊತ್ತು ನೋಡಿದ.

"ಒಕ್ಕಣೆ ಎಲ್ಲಾ ಮುಗೀತಾ, ಅಣ್ಣ?"

"ಮುಗೀತು," ಎಂದೆ.