ಅನಸೂಯಕ್ಕನವರು ಕುಡಿಯದ ಚಹಾ

ತರಬೇತಿ ಮುಗಿಸಿದ ಮಕ್ಕಳಿಗೆ ಕೆಲಸ ಸಿಗಬೇಕಾದರೆ ಕಾರ್ಖಾನೆಗಳ ಬಾಗಿಲು ತಟ್ಟುವವರೊಬ್ಬರು ಬೇಕು. ನಾಸಿಕ್ ರೋಡಿನ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಆ ಕೆಲಸವನ್ನು ಇಷ್ಟು ವರ್ಷ ನಿಷ್ಠೆಯಿಂದ ಮಾಡಿ ಈಗ ನಿವೃತ್ತರಾಗುತ್ತಿರುವವರು ಶ್ರೀಮತಿ ಅನಸೂಯ ಅವರು. ನನ್ನ ಮಗಳು ಚಂಪಾ ಆ ಕೇಂದ್ರದಲ್ಲೇ ಕಲಿತವಳು. ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವಷ್ಟರಲ್ಲಿ ಅವರ ಬೀಳ್ಕೊಡುಗೆಗೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಓಝರ್‌ನ ವಿಮಾನ ಕಾರ್ಖಾನೆಗೆ ಧಾರವಾಡದಿಂದ ಬಂದ ತಂತ್ರಜ್ಞರ ಮಗಳು ಅನಸೂಯಕ್ಕನವರು. ಆದರೂ ಅದೇ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮಂಥವರ ಶೆಡ್ಡಿಗೂ ಬಂದು, "ಮಂಗಲಾಬಾಯಿ, ಹುಡುಗೀನ ಕಲಿಯಾಕ ಕಳಸ್ರಿ. ಇಟ್ಟಂಗಿ ಎಲ್ಲಿ ಓಡಿ ಹೋಗತಾವ?" ಎಂದು ನಗಿಸಿ, ಇಟ್ಟಿಗೆ ಹೊರುತ್ತಿದ್ದ ಚಂಪಾಳನ್ನು ವೈರಿಂಗ್ ತರಗತಿಗೆ ಸೇರಿಸಿದರು. ನನ್ನ ಚಹಾ ಮಾತ್ರ ಮುಟ್ಟಲಿಲ್ಲ. ಸರ್ಕಾರದ ಕೆಲಸಕ್ಕೆ ಹೋದಲ್ಲಿ ಕುಡಿಯುವುದೂ ಇಲ್ಲ, ಕುಡಿಸುವುದೂ ಇಲ್ಲ. ಅದು ಅವರ ವ್ರತ. ಕಾರ್ಖಾನೆ ಮಾಲೀಕರ ಸಂಪರ್ಕಕ್ಕೆಂದು ತರಬೇತಿ ಕೇಂದ್ರಕ್ಕೆ ಬರುವ ಹಣದಲ್ಲಿ ಅವರಲ್ಲಿಗೆ ಹೋಗಿಬರಬಹುದು, ಅವರನ್ನು ಕರೆಸಿ ಮಕ್ಕಳ ಕೆಲಸ ತೋರಿಸಬಹುದು. ಊಟ, ಉಡುಗೊರೆಗೆ ಖರ್ಚು ಮಾಡುವಂತಿಲ್ಲ ಎಂಬುದು ನಿಯಮ.

ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆ ಚಂಪಾಳ ತಂಡವನ್ನು ಪೂರ್ತಿ ತೆಗೆದುಕೊಳ್ಳಲು ಒಪ್ಪಿತ್ತು. ಅಕ್ಕನವರು ಹುಡುಗಿಯರ ಜೊತೆಗೆ ತಾಯಂದಿರನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಮಾತು ಮುಗಿಯುವ ಹೊತ್ತಿಗೆ ಮಾಲೀಕರು, ತಮ್ಮ ಹೊಸ ಘಟಕದ ಉದ್ಘಾಟನೆಯ ಊಟವನ್ನು ಆ ಸಂಪರ್ಕದ ಹಣದಲ್ಲೇ ಹಾಕಿಸಿ ಎಂದರು.

"ಅದು ನಿಮ್ಮನ್ನು ಕಾಣಲು ಕೊಟ್ಟ ಹಣ ಸೇಠ್, ಉಣಿಸಲು ಅಲ್ಲ" ಎಂದು ಅಕ್ಕನವರು ಮರಾಠಿಯಲ್ಲೇ ಹೇಳಿದರು.

"ಒಂದು ಕಪ್ ಚಹಾ ಸಹ ಕುಡಿಸದ ಹೆಂಗಸು ನೀವು! ಹಾಗಾದರೆ ಹುಡುಗಿಯರನ್ನೂ ನೀವೇ ಇಟ್ಟುಕೊಳ್ಳಿ."

ಹಿಂದಿರುಗುವ ಬಸ್ಸು ದೌಲತಾಬಾದ್ ದಾಟಿತು. ಆಗ ಚಂಪಾಳೇ, "ಬಿಡ್ರಿ ಅಕ್ಕಾರ, ಇನ್ನೊಂದು ಸಿಗತೈತಿ" ಎಂದಳು.

ಇನ್ನೊಂದು ಸಿಗುವವರೆಗೆ ಎಂದು ಅವಳು ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋದಳು. ಅಲ್ಲಿ ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಬಲಗೈ ಸಿಕ್ಕಿತು. ಬೆರಳುಗಳು ಉಳಿಯಲಿಲ್ಲ.

ಆಸ್ಪತ್ರೆಗೆ ಅಕ್ಕನವರು ದಿನವೂ ಬಂದರು. ಚಂಪಾಳ ತಲೆ ಬಾಚಿ ಹೆರಳು ಹಾಕಿದರು, ತುತ್ತು ಮಾಡಿ ಉಣಿಸಿದರು. ನಾನು ತಂದುಕೊಟ್ಟ ಚಹಾ ಅವರ ಕೈಯಲ್ಲೇ ಆರಿತು. "ನಾ ಹೂಂ ಅಂದಿದ್ರ ಕೈ ಉಳೀತಿತ್ತಲ್ಲ, ಮಂಗಲಾಬಾಯಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಅಲೆದು ಉಳಿದ ಹುಡುಗಿಯರಿಗೆಲ್ಲ ಕೆಲಸ ಕೊಡಿಸಿದರು. ಈಗಲೂ ಹಬ್ಬಕ್ಕೊಮ್ಮೆ ಬಂದು, ಹೊಸ್ತಿಲಲ್ಲೇ ನಿಂತು ಚಂಪಾಳನ್ನು ವಿಚಾರಿಸಿ ಹೋಗುತ್ತಾರೆ. ಒಳಗೆ ಬರುವುದಿಲ್ಲ.

ಅಕ್ಕಾರ, ಅಂದು ಹೊಳೆಯದ ಉತ್ತರವನ್ನು ಇಂದು ಬರೆಯುತ್ತೇನೆ. ನೀವು ಅವತ್ತು ಒಪ್ಪಿದ್ದರೆ, ಆಮೇಲೆ ಬಂದ ಪ್ರತಿ ಹುಡುಗಿಯ ಕೆಲಸಕ್ಕೂ ಯಾರಾದರೊಬ್ಬರು ಊಟ ಕೇಳುತ್ತಿದ್ದರು. ಇದು ನನಗೆ ಗೊತ್ತು. ಗೊತ್ತಿದ್ದರೂ ಮಗಳ ಆ ಕೈ ತೊಳೆಯುವಾಗ ಅಳು ಬರುತ್ತದೆ. ನಿಮಗೂ ಬರುತ್ತದೆ ಎಂಬುದನ್ನು ಬಲ್ಲೆ.

ದೇವರು ನಿಮಗೆ ಆಯುಷ್ಯ ಕೊಡಲಿ, ಇನ್ನೂ ಎಷ್ಟೋ ಮಕ್ಕಳ ಪರವಾಗಿ ಬಾಗಿಲು ತಟ್ಟುವ ಶಕ್ತಿ ಕೊಡಲಿ. ಇನ್ನು ಮೇಲೆ ನೀವು ನಮ್ಮಲ್ಲಿಗೆ ಬರುವುದು ಸರ್ಕಾರದ ಕೆಲಸಕ್ಕಲ್ಲ. ಚಂಪಾ ಎಡಗೈಯಲ್ಲಿ ಚಹಾ ಸೋಸುವುದನ್ನು ಕಲಿತಿದ್ದಾಳೆ. ಒಳಗ ಬರ್ರಿ, ಕುಡೀರಿ.