ನೇರಳೆ ಮರ ಒಣಗಿದ ವಿಷಯದ ಕುರಿತು

ನಮ್ಮ ಸೊಸೈಟಿಯ ಅಂಗಳದಲ್ಲಿದ್ದ ನೇರಳೆ ಮರವನ್ನು ಕೊಂದವನು ನಾನು. ಕೆಮಿಕಲ್ ಕಂಪನಿಗಳ ಹೊಗೆಯಲ್ಲ, ಗೆದ್ದಲಲ್ಲ, ಯಾರ ಕೆಟ್ಟ ಕಣ್ಣೂ ಅಲ್ಲ — ನಾನು. ಹತ್ತು ಹನ್ನೆರಡು ವರ್ಷಗಳಿಂದ ಚಾಲ್ತಿಯಲ್ಲಿರುವ ಸುಳ್ಳೊಂದನ್ನು ಇಷ್ಟು ಸಣ್ಣ ವಾಕ್ಯದಲ್ಲಿ ಹೇಳಿ ಮುಗಿಸಬಹುದೆಂದು ಗೊತ್ತಿದ್ದರೆ... ಗೊತ್ತಿತ್ತು. ತೊಂದರೆ ಇರುವುದೇ ಅಲ್ಲಿ.

ಮರವನ್ನು ನೆಟ್ಟವರು ಎದುರು ಮನೆಯ ಸುಮತಿಯಕ್ಕ. ಉಡುಪಿಯಿಂದ ಮದುವೆಯಾಗಿ ಮುಂಬೈ ಪಕ್ಕದ ಈ ಡೊಂಬಿವಲಿಗೆ ಬಂದ ವರ್ಷವೇ ನೆಟ್ಟದ್ದಂತೆ. ಅವರ ಯಜಮಾನರು ವಾಸುದೇವ, ನಮಗೆಲ್ಲ ವಾಸಣ್ಣ, ಇಲ್ಲಿಯ ಕಾರ್ಖಾನೆ ಪ್ರದೇಶದಲ್ಲಿ ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ನಾನು ಧಾರವಾಡದ ಕಡೆಯವನು. ಬೇಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಫೈಲುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಗೌರವಪೂರ್ವಕವಾಗಿ ಸಾಗಿಸಿ ನಿವೃತ್ತನಾದೆ. ಜೊತೆಗೆ ಸೊಸೈಟಿಯ ಸೆಕ್ರೆಟರಿ. ಕಟ್ಟಡದಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಬಾಗಿಲು ತಟ್ಟುತ್ತಿದ್ದರು. ನನ್ನ ಮುಖಕ್ಕಿಂತ ನನ್ನ ಅರ್ಜಿಗಳಿಗೆ ಹೆಚ್ಚು ಮರ್ಯಾದೆ ಇತ್ತು.

ಆ ಕಾಲದಲ್ಲಿ ನನ್ನ ಸಂಸಾರವನ್ನು ಎರಡು ರಾಷ್ಟ್ರೀಯ ಸಮಸ್ಯೆಗಳು ಕಾಡುತ್ತಿದ್ದವು. ಒಂದು, ಅವ್ವನ ಬಂಬು. ಸ್ನಾನದ ನೀರು ಕಾಯಿಸುವ ಆ ತಾಮ್ರದ ಹಂಡೆಯನ್ನು ಅವ್ವ ಊರಿನಿಂದ ಬರುವಾಗ ರೈಲಿನಲ್ಲಿ ಮಗುವಿನ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದಳು. "ಗೀಸರ್ ನೀರು ಮೈಗೆ ಹತ್ತಂಗಿಲ್ಲೋ, ಬರೇ ಚರ್ಮಕ್ಕ ತಾಕಿ ಹೋಗತೈತಿ" ಎಂಬುದು ಅವಳ ಸಿದ್ಧಾಂತ. ಡೊಂಬಿವಲಿಯ ಚಳಿ ಎಂದರೆ ಲೋಕಲ್ ಟ್ರೇನಿನಲ್ಲಿ ನಾಲ್ಕು ಜನ ಮಂಕಿ ಟೋಪಿ ಹಾಕುವಷ್ಟು. ಆದರೆ ಡಿಸೆಂಬರ್ ಬಂತೆಂದರೆ ಅವ್ವನಿಗೆ ಕಟ್ಟಿಗೆ ಬೇಕೇ ಬೇಕು. ಕಟ್ಟಿಗೆ ಡಿಪೋಗಳು ಒಂದೊಂದಾಗಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿಗಳು ಎದ್ದಿದ್ದವು. ಸರ್ಕಾರಿ ನೌಕರನಾದ ನಾನು ಫರ್ನಿಚರ್ ಅಂಗಡಿಗಳ ಹಿಂದೆ ಚೀಲ ಹಿಡಿದು ಪ್ಲೈವುಡ್ ಚೂರು ಹೆಕ್ಕುತ್ತಿದ್ದೆ.

ಎರಡನೆಯದು, ಕಾರು. ಸೆಕೆಂಡ್ ಹ್ಯಾಂಡ್, ಬಿಳಿ ಬಣ್ಣ. ಚಳಿಗಾಲದ ಬೆಳಿಗ್ಗೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ; ದಬ್ಬಬೇಕು. ದಬ್ಬುವವರಲ್ಲಿ ಮೊದಲಿಗರು ವಾಸಣ್ಣ, ಫಸ್ಟ್ ಶಿಫ್ಟಿಗೆ ಹೊರಟ ಯೂನಿಫಾರ್ಮಿನಲ್ಲೇ. "ರಾಯರೇ, ಇದಕ್ಕೆ ಪೆಟ್ರೋಲ್ ಎಂತಕ್ಕೆ ಹಾಕುದು? ಆ ದುಡ್ಡಲ್ಲಿ ನಮಗೆ ಇಡ್ಲಿ ಕೊಡಿ, ಬೇಲಾಪುರದವರೆಗೆ ದಬ್ತೇವೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸ್ಟೇರಿಂಗ್ ಹಿಡಿದು ಒಳಗೆ ಕೂತವನು ನಗುವುದು ಕಷ್ಟ.

ಕಾರಿಗೆ ಸಿಕ್ಕ ಜಾಗ ನೇರಳೆ ಮರದ ಕೆಳಗೆ. ಜೂನ್ ತಿಂಗಳಲ್ಲಿ ಹಣ್ಣು ಉದುರಿ, ಆ ಹಣ್ಣು ತಿಂದ ಹಕ್ಕಿಗಳು ತಮ್ಮ ಪಾಲನ್ನೂ ಸೇರಿಸಿ, ನನ್ನ ಬಿಳಿ ಕಾರು ದಿನವೂ ನೇರಳೆ ಚುಕ್ಕೆಗಳ ಸೀರೆ ಉಟ್ಟು ನಿಂತಿರುತ್ತಿತ್ತು. ಬೆಳಿಗ್ಗೆ ನಾನು ಉಜ್ಜುವುದು, ಸಂಜೆಗೆ ಮತ್ತೆ ಅದೇ. ಸುಮತಿಯಕ್ಕ ಬಾಲ್ಕನಿಯಿಂದ "ಹಣ್ಣು ತೆಗೊಳ್ಳಿ ರಾಯರೇ, ಸಕ್ಕರೆ ಕಾಯಿಲೆಗೆ ಒಳ್ಳೇದು" ಎಂದು ಕೂಗುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಜೀವಂತ ಮರ ಕಡಿಯಲು ಪರವಾನಗಿ ಸಿಗುವುದು ಕಷ್ಟ, ಸತ್ತ ಮರಕ್ಕಾದರೆ ಸುಲಭ — ಇದು ಕಚೇರಿಯಲ್ಲಿ ಕೂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆಕ್ಯಾನಿಕ್ ಕಾರಿನ ಬ್ಯಾಟರಿ ಬದಲಿಸಿದಾಗ ಹಳೆಯದನ್ನು ನಾನು ಮನೆಗೇ ತಂದಿದ್ದೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಇಡೀ ಕಟ್ಟಡ ಮಲಗಿದ್ದ ಹೊತ್ತು, ಕಾರು ತೊಳೆಯುವ ನೆಪದಲ್ಲಿ ಬಗ್ಗಿ, ಬೇರಿನ ಸುತ್ತ ಹಾರೆಯಿಂದ ತೂತು ಮಾಡಿ, ಬ್ಯಾಟರಿಯ ಆಸಿಡ್ಡನ್ನು ಸುರಿದೆ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಮುಂದಿನ ಭಾನುವಾರ ಉಪ್ಪು. ಅದರ ಮುಂದಿನ ಭಾನುವಾರವೂ.

ನವರಾತ್ರಿಯ ಹೊತ್ತಿಗೆ ಮರದಲ್ಲಿ ಒಂದೆಲೆ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೊಬ್ಬ ಮರ ಕೊಂದವನು, ಅಷ್ಟೇ. ಆದರೆ ಡೊಂಬಿವಲಿಯಲ್ಲಿ ಯಾವುದೂ ಸುಮ್ಮನೆ ಸಾಯುವುದಿಲ್ಲ. ಗಂಟಲು ಕೆರೆದರೆ ಕಂಪನಿಯ ಗ್ಯಾಸು, ಒಣಗಿಸಿದ ಬಟ್ಟೆ ಬಣ್ಣ ಬಿಟ್ಟರೆ ಕಂಪನಿಯ ಗ್ಯಾಸು. ಮರಕ್ಕೂ ಅದೇ ಆಯಿತು. ಸೊಸೈಟಿಯ ಮೀಟಿಂಗಿನಲ್ಲಿ ಎರಡನೇ ಮಹಡಿಯ ಜೋಶಿ ಕಾಕು, "ಝಾಡ್ ಗೇಲಂ. ಆತಾ ಆಪಲಾ ನಂಬರ್" ಎಂದರು. ಮರ ಹೋಯಿತು, ಇನ್ನು ನಮ್ಮ ಸರದಿ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಡಿಸಿದ್ದು ಮಾತ್ರವಲ್ಲ — ಸೆಕ್ರೆಟರಿಯಾಗಿ ಹೊಗೆಯ ವಿರುದ್ಧ ಒಂದು ದೂರು ಬರೆದು ಸಭೆಯಲ್ಲಿ ಓದಿದೆ. "ಮೂಕ ಸಾಕ್ಷಿಯಾದ ಈ ವೃಕ್ಷ" ಎಂಬ ಮಾತಿಗೆ ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ತಟ್ಟದವರು ಸುಮತಿಯಕ್ಕ ಒಬ್ಬರೇ. ಅವರ ಮಗಳು ಸ್ನೇಹಾ ಆಗ ಪ್ರೈಮರಿ ಶಾಲೆಯ ಹುಡುಗಿ. ಚಳಿ ಬಂದರೆ ಕೆಮ್ಮುತ್ತಿದ್ದಳು. ಸುಮತಿಯಕ್ಕ ಗಂಡನ ಕಡೆ ತಿರುಗಿ, ಎಲ್ಲರೆದುರು, ಸಣ್ಣ ದನಿಯಲ್ಲಿ ಹೇಳಿದರು: "ನೀವು ದಿನಾ ಅದೇ ಗಾಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಗೆ ಬರುದು. ಮರ ತಡೀಲಿಲ್ಲ. ಮಗು ತಡೀತದಾ?"

ವಾಸಣ್ಣ ತಮ್ಮ ಅಂಗಿಯ ತೋಳನ್ನು ಮೂಸಿ ನೋಡಿಕೊಂಡರು. ಉತ್ತರ ಹೇಳಬೇಕಾದವನು ಎರಡು ಕುರ್ಚಿಗಳ ಆಚೆ ದೂರಿನ ಕಾಗದ ಮಡಿಸುತ್ತಿದ್ದ.

ಕೆಲವು ದಿನಗಳಲ್ಲಿ ವಾಸಣ್ಣ ನನ್ನ ಮನೆಗೆ ಬಂದರು. ರಾಜೀನಾಮೆ ಬರೆಸಬೇಕಿತ್ತು. "ಇಂಗ್ಲಿಷಿನಲ್ಲಿ ಚಂದ ಮಾಡಿ ಬರೀರಿ ರಾಯರೇ, ಬಿಡುವಾಗಲಾದ್ರೂ ಮರ್ಯಾದೆಯಲ್ಲಿ ಬಿಡುವ." ಹದಿನೆಂಟರ ಹುಡುಗನಾಗಿ ಸೇರಿದ್ದ ಕಂಪನಿ ಅದು. ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ. — ಹೌದು, ಕೇಳಿದೆ. — ಅವರು, "ಮರ ಅಂತ ಬರೆದ್ರೆ ನಗಾಡ್ತಾರೆ, ಅಲ್ವಾ?" ಎಂದರು. ವೈಯಕ್ತಿಕ ಕಾರಣ ಎಂದರೆ ಸಾಕು ಎಂದೆ. ಹಾಗೇ ಬರೆದೆ. ವ್ಯಾಕರಣ ತಪ್ಪಿಲ್ಲದ, ತುಂಬು ವಿನಯದ ಪತ್ರ. ಆ ಸಂಜೆ ಬಾಯಿ ಬಿಡಲು ನನಗಿದ್ದ ಅವಕಾಶ — ಅಷ್ಟು ಹತ್ತಿರ, ಅಷ್ಟು ಸುಲಭ...

ಡಿಸೆಂಬರಿನಲ್ಲಿ ಮರ ಕಡಿದರು. ವಾಸಣ್ಣನೇ ಆಳುಗಳಿಗೆ ಹೇಳಿ ತುಂಡುಗಳನ್ನು ಕಟ್ಟಡದ ಹಿತ್ತಿಲಲ್ಲಿ ಪೇರಿಸಿದರು. "ಅಮ್ಮನ ಬಂಬಿಗೆ ಆಯ್ತು. ನೀವಿನ್ನು ಚೀಲ ಹಿಡ್ಕೊಂಡು ತಿರುಗುದು ಬೇಡ." ಅವ್ವ ಒಲೆಯ ಮುಂದೆ ಕೂತು, "ಛಲೋ ಉರೀತೈತಿ ನೋಡೋ ಈ ಕಟ್ಟಿಗಿ, ಹೊಗಿನೂ ಇಲ್ಲ" ಎಂದು ಹೊಗಳಿದಳು. ಆ ಚಳಿಗಾಲವೆಲ್ಲ ನಾನು ಬಿಸಿನೀರು ಸ್ನಾನ ಮಾಡಿದೆ. ನೀರು ಬಿಸಿಯಾಗಿಯೇ ಇತ್ತು. ಆತ್ಮಸಾಕ್ಷಿ ನೀರನ್ನು ತಣ್ಣಗಾಗಿಸುತ್ತದೆ ಎಂಬುದಕ್ಕೆ ನನ್ನ ಬಳಿ ಪುರಾವೆ ಇಲ್ಲ.

ಕಾರಿನ ವಿಷಯದಲ್ಲಿ ಮಾತ್ರ ತಕ್ಷಣ ತೀರ್ಪು ಬಂತು. ನೆರಳು ಹೋದ ಮೇಲೆ ಏಪ್ರಿಲ್ ಬಿಸಿಲಿಗೆ ಬಣ್ಣ ಹಪ್ಪಳದಂತೆ ಎದ್ದಿತು, ಡ್ಯಾಶ್‌ಬೋರ್ಡ್ ಸೀಳಿತು. ಮರುವರ್ಷ ಅದನ್ನು ಗುಜರಿಯವನು ಒಯ್ದ. ದಬ್ಬಲು ವಾಸಣ್ಣ ಇರಲಿಲ್ಲ. ಅಷ್ಟರಲ್ಲಿ ಅವರು ಕಲ್ಯಾಣಿನಲ್ಲಿ ಸಂಬಂಧಿಕರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂರಲು ದಿನವೂ ನಸುಕಿಗೇ ಹೊರಡತೊಡಗಿದ್ದರು. ಇವತ್ತಿಗೂ ಅಲ್ಲೇ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಏಕೆ ಬರೆಯುತ್ತಿದ್ದೇನೆ ಎಂದರೆ — ಸ್ನೇಹಾ ಈಗ ರಸಾಯನಶಾಸ್ತ್ರ ಓದಿ ಮುಗಿಸಿದ್ದಾಳೆ. ಶಹಾಡ್ ಕಡೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಅವಳಿಗೆ ಜೀವ ಹೋಗುವಷ್ಟು ಆಸೆ. ತಾಯಿ ಒಪ್ಪುತ್ತಿಲ್ಲ. ಕಳೆದ ವಾರ ಮೆಟ್ಟಿಲ ಬಳಿ ಇಬ್ಬರೂ ನನ್ನನ್ನು ತಡೆದು ನಿಲ್ಲಿಸಿದರು.

"ಕಾಕಾ, ತುಮ್ಹೀ ಸಾಂಗಾ ನಾ ಮಮ್ಮೀಲಾ" ಎಂದಳು ಹುಡುಗಿ, ಅಮ್ಮನಿಗೆ ನೀವೇ ಹೇಳಿ ಎಂದು. ಕನ್ನಡ ಅರ್ಥವಾದರೂ ಜಗಳಕ್ಕೆ ಅವಳಿಗೆ ಮರಾಠಿಯೇ ಬೇಕು.

"ಅವರೇ ಹೇಳ್ಲಿ" ಎಂದರು ಸುಮತಿಯಕ್ಕ. "ನನ್ನ ಮರ ಹೇಗೆ ಸತ್ತದ್ದು ಅಂತ ಅರ್ಜಿ ಬರೆದವರು ಅವರೇ ಅಲ್ವಾ? ಹೇಳಿ ರಾಯರೇ."

ಯೋಚನೆ ಮಾಡಿ ನಿರ್ಧರಿಸಿ ಎಂದೆ. ಮೂವತ್ತು ವರ್ಷದ ಕಚೇರಿ ಕೆಲಸ ಬಾಯಿಗೆ ತಂದುಕೊಟ್ಟ ಮಾತು.

ಆ ಕಾರ್ಖಾನೆಗಳ ಗಾಳಿ ಅಮೃತವೆಂದು ನಾನು ಹೇಳುತ್ತಿಲ್ಲ. ತಾಯಿಯ ಭಯ ಸರಿಯೇ ಇರಬಹುದು. ಆದರೆ ಆ ಭಯಕ್ಕೆ ಅವರು ಕೊಡುವ ಸಾಕ್ಷಿ ಸುಳ್ಳು, ಅದನ್ನು ಸೃಷ್ಟಿಸಿದವನು ನಾನು. ತಂದೆಯ ಕೆಲಸ ಅದರಿಂದ ಹೋಯಿತು. ಮಗಳದ್ದೂ ಹೋಗಲು ಬಿಟ್ಟರೆ...

ನಿನ್ನೆ ಕಲ್ಯಾಣಿಗೆ ಹೋಗಿ ಗಲ್ಲಾದ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನಾಷ್ಟಾದ ಗಲಾಟೆಯ ಹೊತ್ತು. ವಾಸಣ್ಣ ಕೇಳುತ್ತಲೇ ಒಬ್ಬರಿಗೆ ಚಿಲ್ಲರೆ ಕೊಟ್ಟರು, ಇನ್ನೊಬ್ಬರ ಬಿಲ್ಲನ್ನು ಕಬ್ಬಿಣದ ಮುಳ್ಳಿಗೆ ಚುಚ್ಚಿದರು, ಪಾರ್ಸೆಲ್ ಕಟ್ಟುವವನಿಗೆ ಚಟ್ನಿ ಮರೆಯಬೇಡ ಎಂದರು. ಕಿವಿಗೆ ಬಿತ್ತೋ ಇಲ್ಲವೋ ಎಂದುಕೊಂಡೆ.

"ಹಾಗಾದ್ರೆ ನಾನು ಕೆಲಸ ಸುಮ್ಮನೆ ಬಿಟ್ಟದ್ದು" ಎಂದರು ಕೊನೆಗೆ.

ನಾನು ಹೌದೆಂದೆ. ಕ್ಷಮಿಸಿ ಎನ್ನಲು ಬಾಯಿ ತೆರೆದಾಗ ಅವರು ಕೈಯೆತ್ತಿ ತಡೆದರು. ಬೈಯಲಿಲ್ಲ, ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಸುಮತಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ, ಮಗಳನ್ನು ಕಳಿಸ್ಲಿಕ್ಕೆ ಕತೆ ಕಟ್ತಾ ಇದ್ದೇನೆ ಅಂತಾಳೆ. ನಿಮ್ಮ ಮಾತಾದ್ರೆ ನಂಬ್ತಾಳೆ. ಅವಳಿಗೆ ನಿಮ್ಮ ಮೇಲೆ ಭಾರೀ ನಂಬಿಕೆ."

ಹಿಂದೆ ನಿಂತಿದ್ದ ಗಿರಾಕಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದೆ.

ಇವತ್ತು ಸಂಜೆ ಎದುರು ಮನೆಗೆ ಹೋಗುತ್ತೇನೆ. ಸುಮತಿಯಕ್ಕ ಬಾಗಿಲು ತೆರೆದು ಬನ್ನಿ ಅನ್ನುತ್ತಾರೆ, ಕುರ್ಚಿ ತೋರಿಸಿ ಚಹಾ ಇಡಲು ಒಳಗೆ ಹೊರಡುತ್ತಾರೆ. ಅವರು ಒಳಗೆ ಹೋಗುವ ಮೊದಲೇ ಹೇಳಿಬಿಡಬೇಕು. ನಿಂತುಕೊಂಡೇ.