ನೊಗ ಹೊತ್ತು ಬಂದ ಇಂಗ್ಲಿಷ್ ಮಾಸ್ತರರು

ಶಲವಡಿ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಗೆ ನಾವು ಹದಿನಾಲ್ಕು ಮಂದಿ. ಎಂಬತ್ತರ ದಶಕದ ಒಂದು ಬೆಳಿಗ್ಗೆ ಅಷ್ಟೂ ಮಂದಿ ಬಾಯಿ ತೆರೆದು ನೋಡುತ್ತಿದ್ದಂತೆ ಸಂಗಪ್ಪ ಮಾಸ್ತರರು ಇಂಗ್ಲಿಷ್ ಪಾಠಕ್ಕೆ ಹೆಗಲ ಮೇಲೆ ನೊಗ ಹೊತ್ತು ಬಂದರು. ಉದ್ದನೆಯ ನನ್ನನ್ನೂ ಗಿಡ್ಡ ನೀಲವ್ವನನ್ನೂ ಕರೆದು ಎರಡು ತುದಿಗೆ ಹೆಗಲು ಕೊಡಿಸಿದರು. ನೊಗ ವಾರೆಯಾಯಿತು.

"ಇದು ಆನ್ ಎ ಪಾರ್ ಅಲ್ಲ, ತಿಳೀತಿಲ್ಲೋ?" ಎಂದು ನೀಲವ್ವನ ಕಾಲ ಕೆಳಗೆ ಇಟ್ಟಂಗಿ ಇಟ್ಟರು. "ಈಗ ಹೌದು. ಇಬ್ರೂ ಸಮ."

ಆಮೇಲೆ ಇಟ್ಟಂಗಿ ತೆಗೆದು, ನೊಗದ ಸಮೇತ ಗೋಡೆಯವರೆಗೆ ಓಡಿಸಿದರು. "ಇದು ನೆಕ್ ಅಂಡ್ ನೆಕ್! ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಇಂಗ್ಲೀಷೇನು ದೆವ್ವ ಅಲ್ಲಲೇ, ಯಾಕ ಅಂಜತೀರಿ?" ಬೋರ್ಡಿನ ಮೇಲೆ ತಮ್ಮ ಎತ್ತುಗಳ ಹೆಸರಿನಲ್ಲೇ ವಾಕ್ಯ ಬರೆದರು: 'ಕೆಂಚ ಅಂಡ್ ಮೈಲಾರಿ ಆರ್ ನೆಕ್ ಅಂಡ್ ನೆಕ್.'

ಪರೀಕ್ಷೆಯಲ್ಲಿ 'ನೆಕ್ ಅಂಡ್ ನೆಕ್' ಬಳಸಿ ವಾಕ್ಯ ಬರೆಯಿರಿ ಎಂಬ ಪ್ರಶ್ನೆಯೇ ಬಂತು. ಹದಿನಾಲ್ಕೂ ಮಂದಿ ಕೆಂಚ, ಮೈಲಾರಿಯನ್ನೇ ಓಡಿಸಿಬಿಟ್ಟೆವು. ನಕಲು ಹೊಡೆದಿದ್ದಾರೆಂದು ಪರೀಕ್ಷಾ ಮಂಡಳಿಯವರು ಎಲ್ಲರ ಫಲಿತಾಂಶವನ್ನೂ ತಡೆಹಿಡಿದರು. ನೀಲವ್ವನಿಗೆ ಟೀಚರ್ ಆಗುವ ಆಸೆ. ಅವಳಪ್ಪ ಇದೇ ನೆಪ ಹಿಡಿದು "ಸಾಲಿ ಸಾಕು, ಹೊಲಕ್ಕ ನಡಿ" ಅಂದಿದ್ದ.

ವಿಚಾರಣೆಗೆ ಮಂಡಳಿಯ ಸಾಹೇಬರೊಬ್ಬರು ಶಾಲೆಗೆ ಬಂದರು. ಊರ ಹಿರಿಯರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ಕಾಪಿ ಹೊಡದದ್ದು ಖರೇನರಿ ಸಾಹೇಬ್ರ," ಎಂದರು ಮಾಸ್ತರರು. "ಒಬ್ಬರದೊಬ್ಬರು ಹೊಡದಿಲ್ಲ, ನಂದು ಹೊಡದಾರ. ತಪ್ಪು ನಂದು. ಬ್ಯಾರೇದು ಕೇಳಿ ನೋಡ್ರಿ."

ಸಾಹೇಬರು ನೀಲವ್ವನನ್ನು ಎಬ್ಬಿಸಿ 'ಆನ್ ಎ ಪಾರ್' ಬಳಸಿ ಒಂದು ವಾಕ್ಯ ಹೇಳೆಂದರು. ಅವಳು ಸೆರಗಿನ ತುದಿ ಹಿಂಡುತ್ತ ಹೇಳಿದಳು: "ಮೈ ಬ್ರದರ್ ಅಂಡ್ ಐ ಆರ್ ನಾಟ್ ಆನ್ ಎ ಪಾರ್. ಹಿ ಗೆಟ್ಸ್ ತುಪ್ಪ."

ಸಾಹೇಬರು ನಕ್ಕರು. ಬಾಗಿಲಿನಿಂದ ಅವಳಪ್ಪ ಕೇಳಿದ, "ಏನಂದ್ಲರೀ ಮಾಸ್ತರ ನಮ್ಮ ಹುಡಿಗಿ?"

"ಅಣ್ಣಗ ತುಪ್ಪ ಹಾಕತಾರ, ನನಗ ಹಾಕಂಗಿಲ್ಲ, ನಾವಿಬ್ರೂ ಸಮ ಅಲ್ಲ ಅಂದ್ಲಪಾ," ಎಂದರು ಮಾಸ್ತರರು, ಮೆಲ್ಲಗೆ.

ಅವನು ರುಮಾಲು ತೆಗೆದು ಕೊಡವಿ, ಮತ್ತೆ ಸುತ್ತಿಕೊಂಡು ಹೊರಟುಹೋದ.

ಎಂಟು ದಿನಕ್ಕೆ ಫಲಿತಾಂಶ ಬಂತು, ಎಲ್ಲರೂ ಪಾಸು. ಅದೇ ಟಪಾಲಿನಲ್ಲಿ ಮಾಸ್ತರರಿಗೆ ಅಳ್ನಾವರಕ್ಕೆ ವರ್ಗವಾದ ಕಾಗದವೂ ಇತ್ತು. ಅವರನ್ನು ನಾನು ಮತ್ತೆ ನೋಡಲಿಲ್ಲ. ಅವರ ಟ್ರಂಕನ್ನು ತನ್ನ ಚಕ್ಕಡಿಯಲ್ಲಿ ಹೇರಿ ಅಣ್ಣಿಗೇರಿ ಸ್ಟೇಶನ್ನಿಗೆ ಮುಟ್ಟಿಸಿದವನು ನೀಲವ್ವನ ಅಪ್ಪ. ಮುಂದಿನ ತಿಂಗಳು ಅವನು ಮತ್ತೊಮ್ಮೆ ಚಕ್ಕಡಿ ಹೂಡಿ ಅದೇ ಸ್ಟೇಶನ್ನಿಗೆ ಹೋದ. ಮಗಳನ್ನು ಧಾರವಾಡದ ಟ್ರೇನಿಂಗ್ ಶಾಲೆಗೆ ಕಳಿಸಲು.